ಎರಡು ರಕಅತೋ, ನಾಲ್ಕೋ?

ಅಕ್ಕನ ಮಗ ಅಮೆರಿಕದ ಡೆಟ್ರಾಯಿಟ್‌ನಲ್ಲಿದ್ದಾನೆ. ಹೆಂಡತಿ, ಇಬ್ಬರು ಮಕ್ಕಳು ಅಲ್ಲೇ. ಎರಡು ವರ್ಷದ ಹಿಂದೆ ಗ್ರೀನ್ ಕಾರ್ಡ್ ಸಿಕ್ಕಿತು. ಅಂದರೆ ಅವನೀಗ ಆ ದೇಶದ ಕಾಯಂ ನಿವಾಸಿ, ಆದರೆ ಭಾರತದ ಪ್ರಜೆ. ಒಂದು ರಾತ್ರಿ ಫೋನ್ ಮಾಡಿ ಕೇಳಿದ: ‘ಮಾಮು, ಇಪ್ಪತ್ತು ದಿನಕ್ಕೆ ಊರಿಗೆ ಬರ್ತಿದ್ದೀನಿ. ಹನ್ನೆರಡು ದಿನ ಕಲಬುರಗಿ, ಉಳಿದದ್ದು ಹೈದರಾಬಾದ್. ಜಮಾಅತ್ ತಪ್ಪಿ ಒಬ್ಬನೇ ನಮಾಝ್ ಮಾಡಬೇಕಾದರೆ ಎರಡು ರಕಅತೋ, ನಾಲ್ಕೋ?’

ನಾನು ಕತೆ ಬರೆಯುವವನು, ಮುಫ್ತಿಯಲ್ಲ. ಆದರೂ ಚಿಕ್ಕಂದಿನಲ್ಲಿ ಮದ್ರಸಾದಲ್ಲಿ ಕಲಿತದ್ದು ನೆನಪಿತ್ತು. ಪ್ರಯಾಣಿಕನಾದವನು, ಅಂದರೆ ಮುಸಾಫಿರನು, ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೆ ಇಳಿಸಿ ಮಾಡುತ್ತಾನೆ. ನಮ್ಮ ಕಡೆ ರೂಢಿಯಲ್ಲಿರುವ ಹನಫೀ ಪದ್ಧತಿಯ ಪ್ರಕಾರ ಒಂದೇ ಊರಿನಲ್ಲಿ 15 ದಿನ ನಿಲ್ಲುವ ನಿಯ್ಯತ್ತು ಮಾಡಿದರೆ ಮಾತ್ರ ಅವನು ಅಲ್ಲಿ ಮುಕೀಮ್, ಅಂದರೆ ನಿವಾಸಿ. ಆಗ ಪೂರ್ತಿ ನಾಲ್ಕು. ಆದರೆ ಹುಟ್ಟಿದೂರಿಗೆ ಈ ಲೆಕ್ಕವಿಲ್ಲ. ಅದು ‘ವತನೆ ಅಸ್ಲಿ’. ಅಲ್ಲಿಗೆ ಒಂದು ಗಂಟೆಯ ಮಟ್ಟಿಗೆ ಹೋದರೂ ನಾಲ್ಕೇ. ಹಾಗಿದ್ದರೂ, ಒಬ್ಬ ಮನುಷ್ಯ ಹುಟ್ಟೂರನ್ನು ಬಿಟ್ಟು ಹೆಂಡತಿ ಮಕ್ಕಳೊಂದಿಗೆ ಬೇರೆಡೆ ಶಾಶ್ವತವಾಗಿ ನೆಲೆಸುವ ನಿಶ್ಚಯ ಮಾಡಿದರೆ, ಹಳೆಯ ವತನ್ ಅಳಿಸಿಹೋಗುತ್ತದೆ. ಆಮೇಲೆ ಹುಟ್ಟಿದ ಊರಿನಲ್ಲೂ ಅವನು ಮುಸಾಫಿರನೇ. ಪ್ರವಾದಿಯವರು (ಸ) ಮಕ್ಕಾ ವಿಜಯದ ದಿನಗಳಲ್ಲಿ, ತಾವು ಹುಟ್ಟಿ ಬೆಳೆದ ಅದೇ ಊರಿನಲ್ಲಿ, ಎರಡೇ ರಕಅತ್ ಮಾಡಿಸಿ, ತಾವು ಪ್ರಯಾಣಿಕರೆಂದು ತಿಳಿಸಿ, ಊರಿನವರಿಗೆ ತಮ್ಮ ನಮಾಝ್ ಪೂರ್ತಿ ಮಾಡಿಕೊಳ್ಳಲು ಹೇಳಿದ್ದು ಹದೀಸಿನಲ್ಲಿ ಬಂದಿದೆ.

ಹಾಗಾಗಿ ಹುಡುಗನಿಗೆ ಮರುಪ್ರಶ್ನೆ ಹಾಕಿದೆ: ‘ಅಲ್ಲೇ ಕಾಯಂ ಇರುವ ನಿಯ್ಯತ್ತು ಮಾಡಿದ್ದೀಯಾ?’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕ. ‘ಕಾರ್ಡಿನ ಮೇಲೆ ಪರ್ಮನೆಂಟ್ ಅಂತಿದೆ ಮಾಮು. ನನ್ನ ಮನಸ್ಸಿನಲ್ಲಿ ಏನಿದೆ ಅಂತ ನನಗೇ ಗೊತ್ತಿಲ್ಲ.’

ಈ ಉತ್ತರ ನನ್ನನ್ನು ಬಹಳ ದಿನ ಬಿಡಲಿಲ್ಲ. ಯಾಕೆಂದರೆ ಇದೇ ಎರಡು ಮತ್ತು ನಾಲ್ಕರ ಲೆಕ್ಕವನ್ನು ನಾನು ಹತ್ತು ವರ್ಷದವನಿದ್ದಾಗ ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಒಮ್ಮೆ ನೋಡಿದ್ದೆ. ಅಂದು ಮುಸಾಫಿರನೆಂದು ಹೇಳಿಕೊಂಡವರು ನಮ್ಮ ತಂದೆಯ ಚಿಕ್ಕಪ್ಪ. ಮನೆಯಲ್ಲಿ ಅವರಿಗೆ ‘ಕರಾಚಿ ದಾದಾ’ ಎಂದೇ ಹೆಸರು.

ಕಲಬುರಗಿಯ ಐವಾನ್-ಎ-ಶಾಹಿಯನ್ನು ಓದುಗರಲ್ಲಿ ಕೆಲವರು ನೋಡಿರಬಹುದು. ನಿಜಾಮರ ಕಾಲದ ಕಲ್ಲಿನ ಅತಿಥಿಗೃಹ. ಈಗ ಸರಕಾರದ್ದು, ಮಂತ್ರಿಗಳು, ಅಧಿಕಾರಿಗಳು ಬಂದರೆ ಅಲ್ಲಿ ಇಳಿಯುತ್ತಾರೆ. ಸುತ್ತಲಿನ ಬಡಾವಣೆಗೂ ಅದೇ ಹೆಸರು. ನಮ್ಮ ಮುತ್ತಜ್ಜ ಅಲ್ಲಿ ಖಾನ್ಸಾಮಾ ಆಗಿದ್ದರು, ಅಡಿಗೆಯವರು. ಅತಿಥಿಗಳು ಬಂದಾಗ ಕಮಲಾಪುರದಿಂದ ಕೆಂಪು ಬಾಳೆಹಣ್ಣಿನ ಬುಟ್ಟಿಗಳು ಬರುತ್ತಿದ್ದವಂತೆ. ಕಮಲಾಪುರ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್, ಮುತ್ತಜ್ಜಿಯ ತವರೂರು. ಆ ದಪ್ಪ ಕೆಂಪು ಬಾಳೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಬಾಳೆಹಣ್ಣಿಗೆ ತನ್ನ ಊರು ಯಾವುದೆಂದು ಸರಕಾರಿ ಕಾಗದ ಸಿಕ್ಕಿತು ಎಂದು ನಮ್ಮ ತಂದೆ ಆಗ ತಮಾಷೆ ಮಾಡಿದ್ದರು.

ಮುತ್ತಜ್ಜನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವರು ನನ್ನ ಅಜ್ಜ, ಉಳಿದರು. ಕಿರಿಯವರು 1950ರ ಆರಂಭದಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಒಬ್ಬ ಗೆಳೆಯನೊಂದಿಗೆ ಮುಂಬಯಿಗೆ ಹೋಗಿ ಅಲ್ಲಿಂದ ಕರಾಚಿಗೆ ಹಡಗು ಹತ್ತಿದರು. ‘ಆರು ತಿಂಗಳು ನೋಡಿ ಬರ್ತೀನಿ’ ಎಂದು ಹೇಳಿದ್ದರಂತೆ.

ಅವರು ಯಾಕೆ ಹೋದರು ಎಂಬುದಕ್ಕೆ ಆ ಎರಡು ವರ್ಷಗಳ ಚರಿತ್ರೆ ಬೇಕು. 1947ರ ಆಗಸ್ಟಿನಿಂದ 1948ರ ಸೆಪ್ಟೆಂಬರ್ ತನಕ ಕಲಬುರಗಿ ಭಾರತದಲ್ಲಿ ಸೇರಿರಲಿಲ್ಲ. ಹೈದರಾಬಾದ್ ಸಂಸ್ಥಾನದ್ದೇ ನಾಣ್ಯ, ಅದರದ್ದೇ ಅಂಚೆಚೀಟಿ, ಗಡಿಯಲ್ಲಿ ಅದರದ್ದೇ ಕರೋಡ್‌ಗಿರಿ ನಾಕಾ. ನಮ್ಮ ಊರಿಗೆ ಆಗ ‘ನೆರೆಯ ದೇಶ’ ಎಂದರೆ ಸೋಲಾಪುರ, ಬಿಜಾಪುರ. ರಝಾಕಾರರ ಹಾವಳಿ ಹೆಚ್ಚಾದಾಗ ಈ ಭಾಗದ ಎಷ್ಟೋ ಹಿಂದೂ ಕುಟುಂಬಗಳು ರಾತ್ರೋರಾತ್ರಿ ಆ ಗಡಿ ದಾಟಿದವು. ಸಂಸ್ಥಾನದ ವಿಮೋಚನೆಗೆ ಹೋರಾಡುವವರು ಮುಂಡರಗಿಯಂಥ ಗಡಿಯೂರುಗಳಲ್ಲಿ ಶಿಬಿರ ಹೂಡಿದ್ದರು. ಬೀದರಿನ ಗೋರ್ಟಾದಲ್ಲಿ 1948ರ ಮೇ ತಿಂಗಳಿನಲ್ಲಿ ನಡೆದ ಕೊಲೆಗಳನ್ನು ಆ ಭಾಗದವರು ಇಂದಿಗೂ ಮರೆತಿಲ್ಲ, ಮರೆಯಬೇಕೂ ಇಲ್ಲ. ಸೆಪ್ಟೆಂಬರ್ 13ರಿಂದ 17ರವರೆಗಿನ ಕಾರ್ಯಾಚರಣೆ ಮುಗಿದ ಮೇಲೆ ಗಡಿ ದಾಟಿದ್ದವರು ಊರಿಗೆ ಮರಳಿದರು. ಅವರನ್ನು ಯಾರೂ ‘ಹೋಗುವಾಗ ನಿಮ್ಮ ಉದ್ದೇಶವೇನಿತ್ತು’ ಎಂದು ಕೇಳಲಿಲ್ಲ. ಕೇಳಬಾರದಾಗಿತ್ತು ಕೂಡ. ಜೀವ ಉಳಿಸಿಕೊಳ್ಳಲು ಓಡಿದವನಿಗೆ ಇನ್ನಾವ ಉದ್ದೇಶ?

ಅದೇ ಸೆಪ್ಟೆಂಬರಿನ ನಂತರದ ವಾರಗಳಲ್ಲಿ ಓಡುವ ಸರದಿ ಬೇರೆಯವರಿಗೆ ಬಂತು. ಕೇಂದ್ರ ಸರಕಾರ ಕಳಿಸಿದ್ದ ಪಂಡಿತ್ ಸುಂದರಲಾಲ್ ಅವರ ತಂಡ ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಗುರುತಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಓದುವ ಅಗತ್ಯವೂ ಇರಲಿಲ್ಲ. ಮುತ್ತಜ್ಜಿ ಆ ಚಳಿಗಾಲದಿಂದ ಕಮಲಾಪುರದ ತಮ್ಮಂದಿರ ಮನೆ ಬಿಟ್ಟು ಹಿಂದಕ್ಕೆ ಬರಲೇ ಇಲ್ಲ. ಕರಾಚಿ ದಾದಾ ಹೋದದ್ದು ಈ ಹಿನ್ನೆಲೆಯಲ್ಲಿ. ಭಯ ಎಷ್ಟಿತ್ತು, ಕೆಲಸ ಸಿಗುವ ಆಸೆ ಎಷ್ಟಿತ್ತು, ಹತ್ತೊಂಬತ್ತರ ಹುಡುಗನ ಹುಮ್ಮಸ್ಸು ಎಷ್ಟಿತ್ತು ಎಂದು ತಕ್ಕಡಿಯಲ್ಲಿ ಹಾಕಿ ಹೇಳುವವರು ಯಾರು?

ಕಾನೂನು ಹೇಳಲೇಬೇಕಾಗಿತ್ತು. 1948ರ ಜುಲೈಯಲ್ಲಿ ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ ಪದ್ಧತಿ ಶುರುವಾಯಿತು. ಅದಕ್ಕೆ ಕಾರಣವೂ ಇತ್ತು. ಪಂಜಾಬಿನಿಂದ ಎಲ್ಲ ಕಳೆದುಕೊಂಡು ಬಂದ ನಿರಾಶ್ರಿತರು ದಿಲ್ಲಿಯ ಖಾಲಿ ಮನೆಗಳಲ್ಲಿ ಕೂತಿದ್ದರು, ಆ ಮನೆಗಳವರು ವಾಪಸ್ ಬರತೊಡಗಿದ್ದರು. ಒಂದು ಮನೆಗೆ ಇಬ್ಬರು ದುಃಖಿಗಳು. ಪರ್ಮಿಟ್‌ಗಳಲ್ಲಿ ತಾತ್ಕಾಲಿಕ ಭೇಟಿಯದ್ದು ಒಂದು, ಕಾಯಂ ಮರಳಿಕೆಯದ್ದು ಇನ್ನೊಂದು. ಸಂವಿಧಾನದ 7ನೆಯ ವಿಧಿ ಈ ಎರಡನೆಯದನ್ನೇ ಹಿಡಿದಿದೆ: 1947ರ ಮಾರ್ಚ್ 1ರ ನಂತರ ಪಾಕಿಸ್ತಾನಕ್ಕೆ ವಲಸೆ ಹೋದವನು ಪ್ರಜೆಯಲ್ಲ, ಕಾಯಂ ಮರಳಿಕೆಯ ಪರ್ಮಿಟ್ ಪಡೆದು ಬಂದವನ ಹೊರತು. 1952ರ ಅಕ್ಟೋಬರಿನಿಂದ ಪರ್ಮಿಟ್ ಹೋಗಿ ಪಾಸ್‌ಪೋರ್ಟ್ ಮತ್ತು ವೀಸಾ ಬಂದವು.

‘ವಲಸೆ’ ಎಂದರೇನು? ಅದರೊಳಗೆ ನಿಯ್ಯತ್ತು ಇದೆಯೋ ಇಲ್ಲವೋ? ನಮ್ಮ ಮೌಲವಿಗಳು ಕೇಳುವ ಪ್ರಶ್ನೆಯನ್ನೇ ಸುಪ್ರೀಂ ಕೋರ್ಟು ಕೂಡ ಕೇಳಿಕೊಂಡಿತು ಎಂಬುದು ನನಗೆ ಬಹಳ ವರ್ಷಗಳ ನಂತರ ವಕೀಲ ಗೆಳೆಯನೊಬ್ಬನಿಂದ ತಿಳಿಯಿತು. ಬಿಹಾರದ ಜಮೀನ್ದಾರಿ ಮನೆತನದ ಒಬ್ಬ ಮಹಿಳೆ 1948ರ ಜುಲೈಯಲ್ಲಿ ಕರಾಚಿಗೆ ಹೋಗಿದ್ದರು, ಚಿಕಿತ್ಸೆಗಾಗಿ ಎಂದು ಅವರ ವಾದ. ಡಿಸೆಂಬರಿನಲ್ಲಿ ತಾತ್ಕಾಲಿಕ ಪರ್ಮಿಟ್‌ನಲ್ಲಿ ಬಂದು, 1949ರಲ್ಲಿ ಮರಳಿ ಹೋಗಿ, 1950ರಲ್ಲಿ ಕಾಯಂ ಮರಳಿಕೆಯ ಪರ್ಮಿಟ್ ಪಡೆದರು. ಎರಡು ತಿಂಗಳಲ್ಲಿ ಅದು ರದ್ದಾಯಿತು. ಗಂಡ ಭಾರತದಲ್ಲೇ ಇದ್ದರೂ ಆಕೆ ವಲಸೆ ಹೋದವರೇ ಎಂದು 1955ರಲ್ಲಿ ತೀರ್ಪಾಯಿತು. 1960ರಲ್ಲಿ ಮಂಗಲ್ ಸೇನ್ ಎಂಬ ರಾಜಕಾರಣಿಯ ಪ್ರಕರಣ ಬಂತು. ಅವರು ಈಗ ಪಾಕಿಸ್ತಾನದಲ್ಲಿರುವ ಪ್ರದೇಶದಲ್ಲಿ ಹುಟ್ಟಿ ಇತ್ತ ಬಂದವರು. ನಡುವೆ ಬರ್ಮಾಕ್ಕೆ ಹೋಗಿ ಮರಳಿದ್ದರು. ವಲಸೆ ಎನ್ನಲು ಶಾಶ್ವತವಾಗಿ ನೆಲೆಸುವ ಉದ್ದೇಶ ಇರಬೇಕು ಎಂದು ಆಗ ಕೋರ್ಟು ಹೇಳಿತು. ಮಂಗಲ್ ಸೇನ್ ಭಾರತೀಯರಾಗಿ ಉಳಿದರು. ಆರು ವರ್ಷದ ನಂತರ, 1966ರಲ್ಲಿ, ಬಾಲಕನಾಗಿದ್ದಾಗ ಕರಾಚಿಗೆ ಹೋಗಿದ್ದ ಕೇರಳದ ಕುಲತ್ತಿಲ್ ಮಮ್ಮುವಿನ ಪ್ರಕರಣದಲ್ಲಿ ಅದೇ ಕೋರ್ಟು ಮಾತು ಬದಲಿಸಿತು: ಅಂಥ ಉದ್ದೇಶ ಬೇಕಾಗಿಲ್ಲ, ಅಲ್ಪಕಾಲದ ಭೇಟಿಯಲ್ಲದೆ ಹೋದರೆ ಸಾಕು, ಅದು ವಲಸೆ.

ನ್ಯಾಯಾಧೀಶರ ಕಷ್ಟ ನನಗೆ ಅರ್ಥವಾಗುತ್ತದೆ. ನಿಯ್ಯತ್ತು ಎದೆಯೊಳಗಿನದ್ದು. ಅಲ್ಲಾಹನಿಗೆ ಕಾಣುತ್ತದೆ, ಗುಮಾಸ್ತನಿಗೆ ಕಾಣುವುದಿಲ್ಲ. ಗುಮಾಸ್ತನಿಗೆ ಕಾಗದ ಬೇಕು. ಆದರೆ ಕಾಗದ ಕೆಲವೊಮ್ಮೆ ಎಂಥ ಆಟ ಆಡುತ್ತದೆ ನೋಡಿ. ಕರಾಚಿ ದಾದಾ 1951ರಲ್ಲೇ ಕಾಯಂ ಪರ್ಮಿಟ್‌ಗೆ ಅರ್ಜಿ ಹಾಕಿದ್ದರು, ಸಿಗಲಿಲ್ಲ. 1956ರಲ್ಲಿ ತಾಯಿಗೆ ಕಾಯಿಲೆ ಎಂದು ತಾರು ಹೋಯಿತು. ಬರಬೇಕಾದರೆ ಪಾಸ್‌ಪೋರ್ಟ್ ಬೇಕು. ಇದ್ದ ಜಾಗದಲ್ಲಿ ಸಿಗುವುದು ಪಾಕಿಸ್ತಾನದ್ದೇ. ಮಾಡಿಸಿದರು. ವೀಸಾ ಬರುವಷ್ಟರಲ್ಲಿ ತಾಯಿಯನ್ನು ಕಮಲಾಪುರದ ಕಬರಸ್ತಾನದಲ್ಲಿ ಮಣ್ಣು ಮಾಡಿ ಆಗಿತ್ತು. ಮನೆಗೆ ಮರಳಲೆಂದು ಮಾಡಿಸಿದ ಆ ಪಾಸ್‌ಪೋರ್ಟೇ, ಅವರು ಮನಸಾರೆ ಬೇರೆ ದೇಶದವರಾದರು ಎಂಬುದಕ್ಕೆ ಸಾಕ್ಷಿಯಾಯಿತು. ಬೇರೆ ದೇಶದ ಪಾಸ್‌ಪೋರ್ಟ್ ಪಡೆದದ್ದೇ ಆ ದೇಶದ ಪೌರತ್ವವನ್ನು ಸ್ವ-ಇಚ್ಛೆಯಿಂದ ಪಡೆದದ್ದಕ್ಕೆ ನಿರ್ಣಾಯಕ ಪುರಾವೆ ಎಂಬ ನಿಯಮವನ್ನು ಸುಪ್ರೀಂ ಕೋರ್ಟು 1962ರಲ್ಲಿ ಎತ್ತಿಹಿಡಿದಿದೆ. ಒತ್ತಾಯದಿಂದ ಪಡೆದದ್ದೆಂದು ಹೇಳಿದರೆ ವಿಚಾರಣೆ ಮಾಡಬೇಕೆಂದು 1965ರಲ್ಲಿ ಹೇಳಿತು, ನಿಜ. ಆದರೆ ತಾಯಿಯ ಕಾಯಿಲೆಯನ್ನು ಯಾರು ಒತ್ತಾಯ ಎನ್ನುತ್ತಾರೆ?

ಅವರು ಬಂದದ್ದು ಒಂದೇ ಸಲ, 1991ರಲ್ಲಿ. ವೀಸಾದ ಮೇಲೆ ಎರಡು ಊರು: ಗುಲ್ಬರ್ಗಾ, ಹೈದರಾಬಾದ್. ಹೈದರಾಬಾದಿನಲ್ಲಿ ಹೆಂಡತಿಯ ಕಡೆಯವರಿದ್ದರು. ನಮ್ಮಲ್ಲಿ ಹದಿಮೂರು ದಿನ. ಬಂದು 24 ಗಂಟೆಯೊಳಗೆ ಪೊಲೀಸರಲ್ಲಿ ಹೆಸರು ಬರೆಸಬೇಕು, ಹೋಗುವಾಗ ಮತ್ತೆ ಹೇಳಬೇಕು. ಬೆಳಿಗ್ಗೆ ಎದ್ದು ಅವರು ಐವಾನ್-ಎ-ಶಾಹಿಯ ಕಾಂಪೌಂಡಿನ ತನಕ ನಡೆಯುತ್ತಿದ್ದರು. ನಾನು ಜೊತೆಗೆ. ಗೇಟಿನ ಹೊರಗೆ ನಿಂತು ಅಡಿಗೆಮನೆ ಯಾವ ಕಡೆ ಇತ್ತು ಎಂದು ತೋರಿಸುತ್ತಿದ್ದರು. ಕಾವಲುಗಾರ ಒಮ್ಮೆ ‘ಎಲ್ಲಿಯವರು?’ ಎಂದು ಕೇಳಿದ. ದಾದಾ ಬಾಯಿ ತೆರೆದು, ಮುಚ್ಚಿ, ನನ್ನ ಕಡೆ ಕೈ ತೋರಿಸಿದರು: ‘ಇವನ ಮನೆಯವರು.’

ಮೂರನೆಯ ದಿನ ತಾಯಿಯ ಕಬರ್ ನೋಡಬೇಕೆಂದರು. ತಂದೆ ಬೇಡ ಎಂದರು. ಕಮಲಾಪುರ ವೀಸಾದಲ್ಲಿ ಇಲ್ಲ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಯಾರು ನೋಡುತ್ತಾರೆ ಎಂದು ನೆರೆಯವರೆಲ್ಲ ಹೇಳಿದರು. ತಂದೆ ಒಪ್ಪಲಿಲ್ಲ. ಒಂದು ಕಚೇರಿಗೆ ಅರ್ಜಿ ಕೊಟ್ಟರು, ಉತ್ತರ ಬರುವ ಮೊದಲೇ ದಿನಗಳು ಮುಗಿದವು. ಕೊನೆಗೆ ತಂದೆಯೇ ಕಮಲಾಪುರಕ್ಕೆ ಹೋಗಿ, ಕಬರಿನ ಮೇಲೆ ಫಾತಿಹಾ ಓದಿ, ಒಂದು ಗೊನೆ ಕೆಂಪು ಬಾಳೆ ತಂದರು. ದಾದಾ ಒಂದು ಹಣ್ಣನ್ನು ಮುರಿದು ಮಕ್ಕಳಿಗೆಲ್ಲ ಹಂಚಿದರು. ತಾವು ತಿಂದರೋ ಇಲ್ಲವೋ ನನಗೆ ನೆನಪಿಲ್ಲ.

ನಮ್ಮ ಫಿಕ್ಹಿನ ಪ್ರಕಾರ ಸುಮಾರು 77 ಕಿಲೋಮೀಟರಿಗಿಂತ ಕಡಿಮೆ ದೂರ ಪ್ರಯಾಣವೇ ಅಲ್ಲ. ಕಲಬುರಗಿಯಿಂದ ಕಮಲಾಪುರಕ್ಕೆ ಹೋದವನು ಮುಸಾಫಿರನಾಗುವುದೇ ಇಲ್ಲ. ಮನೆಯ ಅಂಗಳದಿಂದ ಹಿತ್ತಿಲಿಗೆ ಹೋದಂತೆ. ಅದೇ ದಾರಿ ವೀಸಾದ ಲೆಕ್ಕದಲ್ಲಿ ಅಪರಾಧ.

ತಂದೆಯ ಮೇಲೆ ನನಗೆ ಎಷ್ಟೋ ವರ್ಷ ಸಿಟ್ಟಿತ್ತು. ಕಾಲೇಜಿನಲ್ಲಿದ್ದಾಗ ಒಮ್ಮೆ ಕೇಳಿಯೇ ಬಿಟ್ಟೆ. ‘ಅವರು ಹದಿಮೂರು ದಿನಕ್ಕೆ ಹೋಗುವವರು. ನಾವು ಇರುವವರು’ ಎಂದರು ತಂದೆ. ಈಗ ನನಗೆ ಆಗಿನ ತಂದೆಯ ವಯಸ್ಸು. ಅಂಥ ಸಂದರ್ಭ ಬಂದರೆ ನಾನೇನು ಮಾಡುತ್ತೇನೆ? ಪ್ರಾಮಾಣಿಕವಾಗಿ ಹೇಳುತ್ತೇನೆ, ನಾನೂ ಕರೆದುಕೊಂಡು ಹೋಗುವುದಿಲ್ಲ. ಅದು ಸರಿ ಎಂದಲ್ಲ. ಒಬ್ಬ ಮನುಷ್ಯನ ನಿಯ್ಯತ್ತಿನ ಮೇಲೆ ಕಾನೂನು ಇಟ್ಟ ಸಂಶಯ ಅವನೊಬ್ಬನಲ್ಲಿ ನಿಲ್ಲುವುದಿಲ್ಲ, ಮನೆಯ ಚಾವಡಿಗೆ ಬಂದು ಕೂರುತ್ತದೆ. ಅಣ್ಣನ ಮಗ ಚಿಕ್ಕಪ್ಪನಿಗೆ ಪೊಲೀಸನಾಗುತ್ತಾನೆ.

ಉಳಿದವರ ಪಾಲಿನದ್ದನ್ನೂ ಹೇಳಬೇಕು. ದಾದಾ ಹೋದ ಮೇಲೆ ನಮ್ಮ ಮನೆಯಲ್ಲಿ ಅವರ ಪಾಲು ನಿರ್ವಸಿತರ ಆಸ್ತಿಯಾಯಿತು. 1950ರ ಕಾಯಿದೆ ಅಂಥ ಆಸ್ತಿಯನ್ನು ಕಸ್ಟೋಡಿಯನ್‌ನ ವಶಕ್ಕೆ ಕೊಡುತ್ತಿತ್ತು. ಕೂಡು ಆಸ್ತಿಯ ಪಾಲನ್ನು ಬೇರ್ಪಡಿಸಲು 1951ರಲ್ಲಿ ಇನ್ನೊಂದು ಕಾಯಿದೆ. ಅಜ್ಜ ತಾವು ಹುಟ್ಟಿದ ಮನೆಯ ಅರ್ಧವನ್ನು ಹಣ ಕಟ್ಟಿ ಬಿಡಿಸಿಕೊಂಡರು. ಅಜ್ಜಿಯ ಬಳೆಗಳು ಅದಕ್ಕೇ ಹೋದವು. 1991ರಲ್ಲಿ ಎಲ್ಲರೂ ದಾದಾನ ಸುತ್ತ ಕೂತು ಹಳೆಯ ಮಾತುಗಳನ್ನು ಕೇಳಿ ಕಣ್ಣೀರು ಹಾಕುತ್ತಿದ್ದಾಗ ಅಜ್ಜಿ ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ, ‘ಹೋದವನಿಗೆ ಊರಿನ ನೆನಪು, ಉಳಿದವನಿಗೆ ಊರಿನ ಸಾಲ’ ಎಂದು ದಖನಿಯಲ್ಲಿ ಗೊಣಗಿದ್ದು ಕಿವಿಯಲ್ಲಿದೆ. ಮರಳಿ ಬರುವವನು ಸರಕಾರದ ಅನುಮತಿ ಮಾತ್ರ ಕೇಳಿದರೆ ಸಾಲದು. ಉಳಿದವರಲ್ಲೂ ಏನನ್ನೋ ಕೇಳಬೇಕು. ದಾದಾ ಅಜ್ಜಿಯನ್ನು ಕೇಳಿದರೋ ಇಲ್ಲವೋ ತಿಳಿಯದು. ಹೊರಡುವ ಹಿಂದಿನ ರಾತ್ರಿ ಇಬ್ಬರೂ ಅಂಗಳದಲ್ಲಿ ಬಹಳ ಹೊತ್ತು ಮಾತಾಡುತ್ತಿದ್ದರು; ಮಕ್ಕಳನ್ನು ಒಳಗೆ ಕಳಿಸಿದ್ದರು.

ಮಸೀದಿಯ ಸಂಗತಿ ಅದರ ಹಿಂದಿನ ದಿನದ್ದು. ಇಮಾಮರಿಗೆ ಜ್ವರ. ಹಿರಿಯರು, ಕುರ್‌ಆನ್ ಚೆನ್ನಾಗಿ ಓದುತ್ತಾರೆ ಎಂದು ಜನ ದಾದಾನನ್ನು ಮುಂದಕ್ಕೆ ತಳ್ಳಿದರು. ಅವರು ತಿರುಗಿ ನಿಂತು, ‘ನಾನು ಮುಸಾಫಿರ್. ಎರಡು ಮಾಡಿಸಿ ಸಲಾಮ್ ಹೇಳುತ್ತೇನೆ, ನೀವು ನಿಮ್ಮದನ್ನು ಪೂರ್ತಿ ಮಾಡಿಕೊಳ್ಳಿ’ ಎಂದರು. ಅವರ ಬಾಲ್ಯದ ಗೆಳೆಯ ಒಬ್ಬರು ಮೊದಲ ಸಾಲಿನಿಂದಲೇ ತಕರಾರು ತೆಗೆದರು. ‘ಇದೇ ಚಾಪೆಯ ಮೇಲೆ ಅಲಿಫ್ ಬೇ ಕಲಿತವನು ನೀನು. ನಿನಗೆಂಥ ಸಫರ್?’ ಮೌಲವಿಯೊಬ್ಬರು ಕೇಳಿದರು: ‘ಮನೆ, ಹೆಂಡತಿ, ಮಕ್ಕಳು ಅಲ್ಲೇ ತಾನೆ? ಇಲ್ಲಿಗೆ ಮರಳುವ ನಿಯ್ಯತ್ತು ಇದೆಯೇ?’

‘ಇತ್ತು’ ಎಂದರು ದಾದಾ. ‘1951ರಲ್ಲಿ.’

ಆಮೇಲೆ ಯಾರೂ ಮಾತಾಡಲಿಲ್ಲ. ಎರಡು ರಕಅತ್ ಆಯಿತು, ಅವರು ಸಲಾಮ್ ಹೇಳಿದರು. ಊರಿನವರೆಲ್ಲ ಎದ್ದು ಉಳಿದ ಎರಡಕ್ಕೆ ನಿಂತಾಗ ಮುಂದೆ ಅವರೊಬ್ಬರೇ ಕೂತಿದ್ದರು.

ಇದನ್ನು ನೆನೆದಾಗಲೆಲ್ಲ ನನಗೆ ಅನಿಸುವುದು ಇಷ್ಟು. ಕಾನೂನು ನಿಯ್ಯತ್ತನ್ನು ಹೋಗುವ ಹೊತ್ತಿನಲ್ಲಿ ಹುಡುಕುತ್ತದೆ. ಹಡಗು ಹತ್ತಿದ ದಿನ ನಿನ್ನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳುತ್ತದೆ. ಆದರೆ ಹೋಗುವ ಹೊತ್ತಿನಲ್ಲಿ ಮನುಷ್ಯನಿಗೆ ತನ್ನ ನಿಯ್ಯತ್ತೇ ತಿಳಿದಿರುವುದಿಲ್ಲ, ಭಯದಲ್ಲಿದ್ದಾಗಂತೂ ಇಲ್ಲವೇ ಇಲ್ಲ. ಅದು ಅವನಿಗೆ ತಿಳಿಯುವುದು ಮರಳಲು ಹೊರಟಾಗ. ಹಾಗಾದರೆ ಮರಳುವ ಯತ್ನವನ್ನೇ ಸಾಕ್ಷಿಯಾಗಿ ಹಿಡಿಯಬಾರದೇಕೆ? ಸಂವಿಧಾನ ಬರೆದವರಿಗೂ ಈ ಯೋಚನೆ ಬಂದಿರಬೇಕು, ಇಲ್ಲದಿದ್ದರೆ 7ನೆಯ ವಿಧಿಯಲ್ಲಿ ‘ಕಾಯಂ ಮರಳಿಕೆ’ಯ ಬಾಗಿಲು ಇಡುತ್ತಿರಲಿಲ್ಲ. ಬಾಗಿಲು ಇಟ್ಟರು, ಕೀಲಿಕೈಯನ್ನು ಗುಮಾಸ್ತನಿಗೆ ಕೊಟ್ಟರು. ನಮ್ಮ ಊರಿನ ಖ್ವಾಜಾ ಬಂದೇ ನವಾಝರ ಬದುಕೇ ನೋಡಿ: 1321ರಲ್ಲಿ ದಿಲ್ಲಿಯಲ್ಲಿ ಹುಟ್ಟಿ, ಮಗುವಾಗಿದ್ದಾಗ ದೌಲತಾಬಾದಿಗೆ ಬಂದು, ಹರೆಯದಲ್ಲಿ ದಿಲ್ಲಿಗೆ ಮರಳಿ, ತೈಮೂರನ ದಾಳಿಯ ಕಾಲಕ್ಕೆ, 1398ರಲ್ಲಿ, ಮತ್ತೆ ದಖ್ಖನದ ದಾರಿ ಹಿಡಿದವರು. 1422ರಲ್ಲಿ ತೀರಿಕೊಂಡದ್ದು ಇಲ್ಲಿ. ಅವರ ವತನ್ ಯಾವುದೆಂದು ಈಗ ಕಲಬುರಗಿಯಲ್ಲಿ ಯಾರೂ ಕೇಳುವುದಿಲ್ಲ.

ಇದು ಮುಸ್ಲಿಮರ ಕತೆ ಮಾತ್ರ ಅಲ್ಲ. ಸಿಂಧ್‌ನಿಂದ ಬಂದು ಜೋಧಪುರದಲ್ಲಿ ದೀರ್ಘಾವಧಿ ವೀಸಾದಲ್ಲಿ ಬದುಕುತ್ತಿರುವ ಹಿಂದೂ ಕುಟುಂಬಗಳು ಬಂಧುಗಳನ್ನು ನೋಡಲು ಗಡಿಯಾಚೆ ಹೋಗಬೇಕಾದರೆ, ಭಾರತಕ್ಕೆ ಮರಳಲು ಅಭ್ಯಂತರವಿಲ್ಲ ಎಂಬ ಮುದ್ರೆ ಹಾಕಿಸಿಕೊಳ್ಳಬೇಕು. ಅದಕ್ಕೆ ಇಂತಿಷ್ಟು ದಿನದ ಗಡುವು. 2020ರಲ್ಲಿ ಹಾಗೆ ಹೋದವರು ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದರು, ಗಡುವು ಮುಗಿಯಿತು. ಮನೆ ಮಕ್ಕಳು ಇತ್ತ, ತಾವು ಅತ್ತ. 2025ರ ಏಪ್ರಿಲಿನಲ್ಲಿ, ಪಹಲ್ಗಾಮ್‌ನ ಆ ಹೇಯ ಹತ್ಯೆಗಳ ನಂತರ ಅಟ್ಟಾರಿ ಗಡಿ ಮುಚ್ಚಿ ವೀಸಾಗಳು ರದ್ದಾದಾಗ ತಾಯಿಯದ್ದು ಒಂದು ಪಾಸ್‌ಪೋರ್ಟ್, ಮಕ್ಕಳದ್ದು ಇನ್ನೊಂದು ಎಂದು ಗೇಟಿನಲ್ಲಿ ನಿಂತವರ ಚಿತ್ರಗಳನ್ನು ನಾವೆಲ್ಲ ನೋಡಿದೆವು. ಕೊಂದವರ ನಿಯ್ಯತ್ತಿಗೂ ಆ ಮಕ್ಕಳ ಮರಳಿಕೆಗೂ ಏನು ಸಂಬಂಧ?

ಕರಾಚಿ ದಾದಾ ಈಗಿಲ್ಲ. ಅವರ ಮೊಮ್ಮಗ ಕೆನಡಾದ ಟೊರಾಂಟೋದಲ್ಲಿದ್ದಾನೆ. ಅವನ ಮದುವೆಗೆ ನಮ್ಮ ಡೆಟ್ರಾಯಿಟ್ ಹುಡುಗ ಕಾರಿನಲ್ಲಿ ನದಿಯ ಸೇತುವೆ ದಾಟಿ ಹೋಗಿಬಂದ. ಗ್ರೀನ್ ಕಾರ್ಡ್ ಇದ್ದವರಿಗೆ ಅಲ್ಲಿ ವೀಸಾ ಬೇಡ. ಪಾಸ್‌ಪೋರ್ಟ್, ಕಾರ್ಡ್ ತೋರಿಸಿದರೆ ಸಾಕು. ಕಲಬುರಗಿಯ ಮರಿಮಗನೂ ಕರಾಚಿಯ ಮೊಮ್ಮಗನೂ ಜೀವನದಲ್ಲಿ ಮೊದಲ ಬಾರಿ ಭೇಟಿಯಾದದ್ದು ಮೂರನೆಯ ದೇಶದ ನೆಲದಲ್ಲಿ. ಮರಳುವಾಗ ಅಮೆರಿಕದ ಅಧಿಕಾರಿ, ಎಷ್ಟು ದಿನ ಹೊರಗಿದ್ದೆ, ವಾಸ ಎಲ್ಲಿ ಎಂದು ಕೇಳಿದನಂತೆ. ಅಲ್ಲೂ ಲೆಕ್ಕವಿದೆ. ಆರು ತಿಂಗಳು ದಾಟಿದರೆ ಪ್ರಶ್ನೆಗಳು ಹೆಚ್ಚು, ವರ್ಷ ದಾಟಿದರೆ ಬರಿಯ ಕಾರ್ಡು ಸಾಲದು. ಕಾಯಂ ಇರುವ ಉದ್ದೇಶ ಬಿಟ್ಟಿದ್ದೀಯೆಂಬ ಅನುಮಾನ ಏಳುತ್ತದೆ. ‘ಡೆಟ್ರಾಯಿಟ್’ ಎಂದು ಉತ್ತರಿಸಿದೆ ಮಾಮು, ತಡವರಿಸದೆ ಹೇಳಿದೆ, ಆಮೇಲೆ ಒಂಥರಾ ಆಯಿತು ಎಂದ.

ಅವನು ಬಂದ ಮೂರನೆಯ ದಿನ ಇಬ್ಬರೂ ಕಮಲಾಪುರಕ್ಕೆ ಹೋದೆವು. ಐವಾನ್-ಎ-ಶಾಹಿಯ ಮುಂದಿನಿಂದಲೇ ಹೊರಟೆವು. ದಾರಿಯಲ್ಲಿ ಯಾರೂ ಯಾವ ಕಾಗದವನ್ನೂ ಕೇಳಲಿಲ್ಲ. ಕಬರಸ್ತಾನದಲ್ಲಿ ಜಾಲಿ ಬೆಳೆದಿತ್ತು. ತಂದೆ ತೋರಿಸಿದ್ದ ಗುರುತಿನ ಮೇಲೆ ಮುತ್ತಜ್ಜಿಯ ಕಬರ್ ಹುಡುಕಿ ಫಾತಿಹಾ ಓದಿದೆವು. ಕೆಂಪು ಬಾಳೆ ಕೊಂಡೆವು. ಊರಿನ ಮಸೀದಿಗೆ ಹೋದಾಗ ಝುಹರ್‌ನ ಜಮಾಅತ್ ಮುಗಿದಿತ್ತು. ಅವನು ವುಝೂ ಮಾಡಿ ಒಂದು ಕಂಬದ ಪಕ್ಕ ಒಬ್ಬನೇ ನಿಂತ. ನಾನು ಕಾಲು ತೊಳೆಯುತ್ತಾ ನಲ್ಲಿಯ ಹತ್ತಿರವೇ ತಡಮಾಡಿದೆ. ಎರಡು ಮಾಡಿದನೋ ನಾಲ್ಕು ಮಾಡಿದನೋ, ನಾನು ನೋಡಲಿಲ್ಲ.